ನಲವತ್ಮೂರು ಬೊಡ್ಡೆ

ಗ್ಯಾನಮ್ಮನ ಮೇಲೆ ಕೇಸು ಬಿದ್ದು ಮೂರೂವರೆ ವರ್ಷವಾಗಿತ್ತು. ಅವಳು ಜಾಲಿ ಕಡಿದ ಜಾಗದಲ್ಲಿ ಕಮರದ ಗಿಡಗಳು ಅವಳ ತಲೆ ಮೀರಿ ಬೆಳೆದಿದ್ದವು. ಕೇಸು ಮಾತ್ರ ಇದ್ದಲ್ಲೇ ಇತ್ತು.

ಜೋಗೇರಹಾಳ ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆ ಬಿಟ್ಟು ಒಳಗಿರುವ ಊರು. ಕಾಲುವೆ ನೀರು ಸಿಂಧನೂರಿನ ಕಡೆ ಹೋಗುತ್ತದೆ, ಈ ಕಡೆ ಬರುವುದಿಲ್ಲ. ಊರ ಹಿಂದೆ ಗುಡ್ಡ, ಗುಡ್ಡದ ಬುಡದಲ್ಲಿ ಫಾರೆಸ್ಟಿನ ಗಡಿಕಲ್ಲು. ಕಲ್ಲಿನ ಆಚೆ ಇರುವುದೆಲ್ಲ ಸರ್ಕಾರದ್ದು. ಈಚೆ ಇರುವುದೆಲ್ಲ ಗೌಡರದ್ದು. ನಡುವಿನ ಕಾಲುದಾರಿ ಮಾದಿಗರ ಕೇರಿಯದ್ದು ಅನ್ನಬಹುದು. ಅದರಲ್ಲಿ ನಡೆಯಬಹುದು, ನಿಲ್ಲುವಂತಿಲ್ಲ.

ಭತ್ತ ನಾಟಿಯ ಕಾಲಕ್ಕೆ ಗ್ಯಾನಮ್ಮ ಬಳಗಾನೂರಿನ ಕಡೆ ಕೂಲಿಗೆ ಹೋಗುತ್ತಿದ್ದಳು. ಉಳಿದ ದಿನ ಕಟ್ಟಿಗೆ. ಜಾಲಿ ಕಡಿದು, ಮುಳ್ಳು ಸವರಿ, ಹೊರೆ ಕಟ್ಟಿ, ಮಸ್ಕಿ ಬಸ್‌ಸ್ಟ್ಯಾಂಡಿನ ಹಿಂದಿನ ಗೌಸ್‌ಸಾಬ್‌ನ ಮಿರ್ಚಿ ಅಂಗಡಿಗೆ ಹಾಕುತ್ತಿದ್ದಳು. ಗಂಡ ತೀರಿಹೋಗಿದ್ದ. ಮಗಳು ಮದುವೆಯಾಗಿ ಸಾಲಗುಂದದಲ್ಲಿದ್ದಳು. ಗ್ಯಾನಮ್ಮನಿಗೆ ಐವತ್ತರ ಹತ್ತಿರ ವಯಸ್ಸು, ಬಲಗೈಯ ಅಂಗೈ ಎಮ್ಮೆ ಚರ್ಮದ ಹಾಗೆ ಗಟ್ಟಿ.

ಗುಡ್ಡದ ತಗ್ಗಿನಲ್ಲಿ ಜಾಲಿ ಒತ್ತೊತ್ತಾಗಿ ಬೆಳೆದಿತ್ತು. ಅದರ ಕೆಳಗೆ ನಡುಮಧ್ಯಾಹ್ನವೂ ನೆಲಕ್ಕೆ ಬಿಸಿಲು ಬೀಳುತ್ತಿರಲಿಲ್ಲ. ಆ ನೆರಳಲ್ಲಿ ಕಮರದ ಸಸಿಗಳಿದ್ದವು. ಮೊಣಕಾಲುದ್ದ. ಕಡ್ಡಿಯಂಥ ಕಾಂಡ, ತೆಳ್ಳಗೆ ಬಿಳಚಿಕೊಂಡ ಎಲೆ. ಬೇಸಿಗೆಗೆ ತುದಿ ಒಣಗುತ್ತಿತ್ತು, ಮಳೆಗೆ ಬುಡದಿಂದ ಮತ್ತೆ ಚಿಗುರುತ್ತಿತ್ತು. ಗಂಡ ಇದ್ದ ಕಾಲದಿಂದಲೂ ಅವಳು ಅವನ್ನು ನೋಡುತ್ತಿದ್ದಳು. ಅವು ಅಷ್ಟೇ ಇದ್ದವು. ಅವಳ ಅಪ್ಪ ಕಮರದ ತೊಗಟೆಯ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದ. ಹಾಗಾಗಿ ಅವಳಿಗೆ ಕಮರದ ಗುರುತಿತ್ತು. ಆ ಸಸಿಗಳಿಗೆ ಅವಳು ಎಂದೂ ಕೊಡಲಿ ತಾಗಿಸಲಿಲ್ಲ. ಮುಂದೆ ಈ ಸಂಗತಿಯನ್ನು ಕೆಲವರು ಬಹಳ ದೊಡ್ಡ ಮಾತಾಗಿ ಆಡಿದರು. ವಿಷಯ ಇಷ್ಟೇ: ಕಡ್ಡಿ ಕಡಿದರೆ ಹೊರೆಯಾಗುವುದಿಲ್ಲ. ಜಾಲಿ ಕಡಿದರೆ ಆಗುತ್ತದೆ.

ಫೆಬ್ರವರಿಯ ಕೊನೆಯ ವಾರ ಗಾರ್ಡ್ ಬೀರಲಿಂಗ ಅವಳನ್ನು ತಗ್ಗಿನಲ್ಲಿ ಹಿಡಿದ. ಹಿಡಿದ ಅನ್ನುವುದು ಕಾಗದದ ಮಾತು. ಅವಳು ಓಡಿರಲಿಲ್ಲ. ಹೊರೆ ಕಟ್ಟಿ, ತಲೆಗೆ ಏರಿಸಲು ಯಾರೂ ಇಲ್ಲದೆ, ಅದನ್ನು ಬಂಡೆಗೆ ಒರಗಿಸಿ ನಿಂತಿದ್ದಳು. ಬೀರಲಿಂಗನೇ ಒಂದು ಕೈ ಹಚ್ಚಿ ಹೊರೆಯನ್ನು ಏರಿಸಿದ. ಹಿಂದೆಯೂ ಎಷ್ಟೋ ಸಲ ಏರಿಸಿದ್ದ. ಆವತ್ತು ಏರಿಸಿದ ಮೇಲೆ ಹೇಳಿದ:

"ಆಫೀಸಿಗೆ ನಡಿ ಬೇ."

"ಯಾಕ?"

"ಸಾಹೇಬ್ರು ಹೇಳ್ಯಾರ. ತಿಂಗಳು ಮುಗ್ಯಾಕ ಬಂತು. ಒಂದೂ ಕೇಸಿಲ್ಲ."

ಸಾಹೇಬರು ಅಂದರೆ ಫಾರೆಸ್ಟರ್ ಸಿದ್ದಲಿಂಗೇಶ. ಗುಡ್ಡದ ಆ ಬದಿಯಿಂದ ಟ್ರ್ಯಾಕ್ಟರಿನಲ್ಲಿ ಬೇವಿನ ದಿಮ್ಮಿಗಳು ಹೋಗುತ್ತಿದ್ದವು. ಟ್ರ್ಯಾಕ್ಟರು ಜೋರಾಗಿ ಹೋಗುತ್ತದೆ. ಗ್ಯಾನಮ್ಮ ನಿಧಾನ.

ಆಫೀಸು ನಾಲ್ಕು ಕಿಲೋಮೀಟರು. ಹೊರೆ ಹೊತ್ತೇ ನಡೆದಳು. ಅಂಗಳಕ್ಕೆ ಬಂದಾಗ ಸಿದ್ದಲಿಂಗೇಶ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ.

"ಇಳಿಸ್ಲೇನ್ರಿ?" ಅಂದಳು.

"ಇಳಿಸಬ್ಯಾಡ. ಮಾಲು ಸಮೇತ ಫೋಟೋ ಆಗಬೇಕು."

ಫೋಟೋ ಒಂದು ನಿಮಿಷದಲ್ಲಿ ಆಯಿತು. ಆಮೇಲೆ ಅವನಿಗೆ ಮೇಲಿನವರ ಫೋನು ಬಂತು. ಒಳಗೆ ಹೋದ. ಮಾತು ಮುಗಿಸಿ ಬರೆಯಲು ಕೂತ. ಇಳಿಸು ಎಂದು ಹೇಳುವುದು ಮರೆತ. ಗ್ಯಾನಮ್ಮ ನಿಂತಳು. ಜಾಲಿಯ ಮುಳ್ಳೊಂದು ಸಿಂಬಿ ದಾಟಿ ತಲೆಯ ಚರ್ಮಕ್ಕೆ ಇಳಿದಿತ್ತು. ಕಿವಿಯ ಹಿಂದೆ ರಕ್ತವೋ ಬೆವರೋ ಹರಿಯುತ್ತಿತ್ತು. ಕುತ್ತಿಗೆಯ ನರಗಳು ಹಗ್ಗದ ಹಾಗೆ ಬಿಗಿದವು. ಒಂದು ತಾಸಾಯಿತು, ಎರಡಾಯಿತು.

"ಸಾಹೇಬ್ರ, ಒಂದಕ್ಕ ಹೋಗಬೇಕ್ರಿ," ಅಂದಳು.

"ಮಹಜರು ಮುಗೀಲಿ. ಓಡಿಹೋದ್ರ ಯಾರು ಹುಡುಕ್ತಾರ?"

ಮೂರನೇ ತಾಸಿಗೆ ಅವಳ ತೊಡೆಯಿಂದ ಬೆಚ್ಚಗೆ ಇಳಿಯಿತು. ಸೀರೆಯ ಅಂಚು ದಾಟಿ ಅಂಗಳದ ಮಣ್ಣಿಗೆ ಸೇರಿತು. ಬೀರಲಿಂಗ ಮುಖ ತಿರುಗಿಸಿದ. ಸಿದ್ದಲಿಂಗೇಶ ತಲೆಯೆತ್ತಿ ನೋಡಿ, "ಥೂ, ಆಫೀಸಿನ ಮುಂದ," ಅಂದ. ಆಗ ಅವನಿಗೆ ಹೊರೆಯ ನೆನಪಾಯಿತು. ಇಳಿಸಲು ಹೇಳಿದ.

ಮರುದಿನ ಜಾಗದ ಮಹಜರು. ಕಡಿದ ಜಾಲಿಯ ಬೊಡ್ಡೆಗಳನ್ನು ಎಣಿಸಬೇಕಿತ್ತು. ಮುಳ್ಳಿಗೆ ಹೆದರಿ ಸಿದ್ದಲಿಂಗೇಶ ಗಡಿಕಲ್ಲಿನ ಹತ್ತಿರವೇ ನಿಂತ. ಬೀರಲಿಂಗ ನಾಲ್ಕು ಹೆಜ್ಜೆ ಒಳಗೆ ಬಂದು, "ನಲವತ್ತು ಬರಕೊಳ್ರಿ ಸರ," ಎಂದು ಕೂಗಿದ.

"ನಲವತ್ಮೂರು ಅದಾವ," ಗ್ಯಾನಮ್ಮ ಹೇಳಿದಳು. "ಮೂರು ಆ ಬಂಡೆಗಲ್ಲಿನ ಹಿಂದ ಅದಾವ."

ಬೊಡ್ಡೆಯಿಂದ ಬೊಡ್ಡೆಗೆ ಅವಳೇ ಹೋದಳು. ಎಷ್ಟು ದಪ್ಪ ಎಂದು ಗೇಣು ಹಾಕಿ ಕೂಗಿದಳು. ಜಾಗ ಎಷ್ಟು ಎಂದು ಹೆಜ್ಜೆ ಹಾಕಿ ಅಳೆದಳು. ಸಿದ್ದಲಿಂಗೇಶ ಬರೆದುಕೊಂಡ. ಅವಳು ಹನ್ನೊಂದು ದಿನ ಕಡಿದದ್ದನ್ನು ಒಂದೇ ದಿನದ ತಾರೀಕು ಹಾಕಿ ಬರೆದ. ಅದೊಂದು ಬಿಟ್ಟರೆ, ಆ ಗುಡ್ಡದ ಬಗ್ಗೆ ಸರ್ಕಾರಿ ಕಾಗದಕ್ಕೆ ಇಳಿದ ಅತ್ಯಂತ ಖರೆ ಲೆಕ್ಕ ಅದೇ. ಬರೆಸಿದವಳು ಆರೋಪಿ.

ಕೋರ್ಟಿನವರು ಅವಳಿಗೆ ಪುಕ್ಕಟೆ ವಕೀಲರೊಬ್ಬರನ್ನು ಕೊಟ್ಟರು. ಶಿವಕಾಂತ ಎಂದು ಹೆಸರು. ಒಳ್ಳೆಯ ಮನುಷ್ಯ. ಮೊದಲ ದಿನವೇ ಹೇಳಿದ: "ತಪ್ಪಾಗ್ಯದ ಅಂದುಬಿಡವ್ವ. ಸಣ್ಣ ಶಿಕ್ಷೆ ಹಾಕ್ತಾರ. ಮನಿಗೆ ಹೋಗ್ತಿ."

ಕೋರ್ಟಿನಲ್ಲಿ ಮೇಲೆ ಕೂತ ನ್ಯಾಯಾಧೀಶರು, "ಸರ್ಕಾರದ ಕಾಡಿನಲ್ಲಿ ಕಟ್ಟಿಗೆ ಕಳ್ಳತನ ಮಾಡಿದ್ದು ಒಪ್ಪುತ್ತೀಯಾ?" ಎಂದು ಕೇಳಿದರು.

"ಕಡ್ದೀನ್ರಿ. ಕಳವು ಮಾಡಿಲ್ಲ."

"ಒಪ್ಪುತ್ತೀಯೋ ಇಲ್ಲವೋ, ಒಂದು ಹೇಳು."

"ಎರಡೂ ಹೇಳೀನಲ್ರಿ."

ಬರೆಯುವವನು 'ನಿರಾಕರಿಸಿದ್ದಾಳೆ' ಎಂದು ಬರೆದ. ಶಿವಕಾಂತ ಹಣೆ ಉಜ್ಜಿಕೊಂಡ. ಅಲ್ಲಿಂದ ತಾರೀಕುಗಳು ಶುರುವಾದವು. ಒಮ್ಮೆ ಸಾಕ್ಷಿ ಬರಲಿಲ್ಲ. ಒಮ್ಮೆ ಫೈಲು ಬರಲಿಲ್ಲ. ಒಮ್ಮೆ ಎಲ್ಲ ಬಂದಿತ್ತು, ಕರೆಂಟು ಇರಲಿಲ್ಲ. ಹದಿನಾಲ್ಕು ಸಲ ಅವಳು ಲಿಂಗಸುಗೂರಿಗೆ ಹೋದಳು. ಹದಿನಾಲ್ಕು ಸಲ ಹೆಸರು ಕೂಗಿ, ಅದೇ ತಾರೀಕು, ಅದೇ ನಲವತ್ಮೂರು ಓದಿ, ಮುಂದಿನ ದಿನ ಕೊಟ್ಟರು.

ಪ್ರತಿ ಸಲ ಕೋರ್ಟಿನಿಂದ ಬಂದ ಮರುದಿನ ಅವಳು ತಗ್ಗಿಗೆ ಹೋಗುತ್ತಿದ್ದಳು. ಕಡಿಯಲು ಅಲ್ಲ; ಕೊಡಲಿಯನ್ನು ಅವರು ಇಟ್ಟುಕೊಂಡಿದ್ದರು. ಯಾವ ಜಾಗಕ್ಕಾಗಿ ತನ್ನನ್ನು ಹೀಗೆ ಎಳೆದಾಡುತ್ತಿದ್ದಾರೋ ಆ ಜಾಗವನ್ನು ಒಮ್ಮೆ ನೋಡಬೇಕು ಅನಿಸುತ್ತಿತ್ತು. ಬಿಸಿಲು ಈಗ ನೇರ ನೆಲಕ್ಕೆ ಬೀಳುತ್ತಿತ್ತು. ಮೊದಲ ಬೇಸಿಗೆಗೆ ಕಮರದ ಸಸಿಗಳ ಎಲೆ, ಸುಟ್ಟ ಚರ್ಮದ ಹಾಗೆ, ಸೀದು ಉದುರಿತು. ಎಲ್ಲ ಸತ್ತವು ಅಂದುಕೊಂಡಳು. ಮಳೆ ಬಿದ್ದ ಮೇಲೆ ಹೊಸ ಎಲೆ ಬಂತು. ಸಣ್ಣದು, ಆದರೆ ದಪ್ಪ, ಮುಟ್ಟಿದರೆ ತೊಗಲಿನ ಹಾಗಿತ್ತು. ಆ ವರ್ಷ ಅವು ಎತ್ತರ ಬೆಳೆಯಲಿಲ್ಲ. ಕಾಂಡ ದಪ್ಪವಾಯಿತು ಅಷ್ಟೆ. ಎರಡನೇ ಮಳೆಗೆ ಅವಳ ಸೊಂಟಕ್ಕೆ ಬಂದವು. ಮೂರನೆಯದಕ್ಕೆ ಹೆಗಲಿಗೆ. ಈ ವರ್ಷ ತಲೆ ಎತ್ತಿ ನೋಡಬೇಕಾಯಿತು. ಜಾಲಿ ಕಡಿಯದ ಪಕ್ಕದ ಜಾಗದಲ್ಲಿ ಅದೇ ವಯಸ್ಸಿನ ಸಸಿಗಳು ಇನ್ನೂ ಮೊಣಕಾಲುದ್ದವೇ ಇದ್ದವು.

ಆ ಮಳೆಗಾಲ ಮುಗಿಯುವಾಗ ಐಶ್ವರ್ಯ ಎಂಬ ಹುಡುಗಿ ಗುಡ್ಡಕ್ಕೆ ಬಂದಳು. ಸಿಂಧನೂರಿನ ಅಕ್ಕಿ ಮಿಲ್ಲಿನವರ ಮಗಳು. ಕಾಡಿನ ಓದು ಓದಿದ್ದಳು. ಬೆಳಕು ಹೆಚ್ಚಾದರೆ ಕಾಡಿನ ಎಳೆಗಿಡಗಳು ಹೇಗೆ ಬೆಳೆಯುತ್ತವೆ ಎಂಬುದರ ಮೇಲೆ ಪುಸ್ತಕ ಬರೆದು ಡಾಕ್ಟರೇಟು ಪಡೆಯುವವಳಿದ್ದಳು. ಸಿದ್ದಲಿಂಗೇಶ ಅವಳನ್ನು ಗುಡ್ಡವೆಲ್ಲ ಸುತ್ತಿಸಿದ. ಇಲಾಖೆ ಸಸಿ ನೆಟ್ಟ ಜಾಗ ತೋರಿಸಿದ. ಗುಂಡಿಗಳು ಸಾಲಾಗಿದ್ದವು. ಸಸಿ ಇರಲಿಲ್ಲ. ತಗ್ಗಿಗೆ ಬಂದಾಗ ಹುಡುಗಿ ನಿಂತುಬಿಟ್ಟಳು.

"ಇದನ್ನ ತೆರವು ಮಾಡಿದ್ದು ಯಾರು ಸರ್?"

ಸಿದ್ದಲಿಂಗೇಶ ಗಿಡಗಳನ್ನು ನೋಡಿದ. ಚೆನ್ನಾಗಿದ್ದವು.

"ನಾವ ಮೇಡಂ," ಅಂದ. "ಪ್ರಯೋಗ ಅಂತ ಮಾಡಿಸಿದ್ವಿ."

ಇದನ್ನು ಬೀರಲಿಂಗನೇ ಗ್ಯಾನಮ್ಮನಿಗೆ ಹೇಳಿದ, ನಗುತ್ತ. ಹುಡುಗಿಗೆ ಟೇಪು ಹಿಡಿಯಲು ಒಬ್ಬರು ಬೇಕಾಗಿತ್ತು. ಆ ಮುಳ್ಳಿನೊಳಗೆ ಹೋಗುವವರು ಊರಲ್ಲಿ ಇನ್ನಾರೂ ಇರಲಿಲ್ಲ. ಅವನೇ ಗ್ಯಾನಮ್ಮನನ್ನು ಕರೆದುಕೊಂಡು ಹೋದ.

ಮೂರು ದಿನ ಗ್ಯಾನಮ್ಮ ತಾನು ಅಪರಾಧ ಮಾಡಿದ ಜಾಗದಲ್ಲಿ ಟೇಪು ಹಿಡಿದಳು. ಎತ್ತರ ಕೂಗಿದಳು. ಎಲೆ ಕಿತ್ತುಕೊಟ್ಟಳು. ಮೂರನೇ ದಿನ ಐಶ್ವರ್ಯ ಸಣ್ಣ ಗರಗಸ ತೆಗೆದು ಒಂದು ಕಮರದ ಗಿಡವನ್ನು ಬುಡಕ್ಕೆ ಕೊಯ್ದಳು.

"ನಿಮ್ಮ ಮ್ಯಾಲೆ ಕೇಸ್ ಹಾಕಂಗಿಲ್ಲೇನ್ರಿ ಅಕ್ಕಾರ?" ಗ್ಯಾನಮ್ಮ ಕೇಳಿದಳು.

"ನನ್ನ ಹತ್ರ ಪರ್ಮಿಷನ್ ಐತಿ."

"ಹೌದ್ರಿ? ಅದು ಎಲ್ಲಿ ಸಿಗ್ತದ?"

ಐಶ್ವರ್ಯ ನಕ್ಕಳು. ಕೊಯ್ದ ಬುಡವನ್ನು ಉಜ್ಜಿ, ಭೂತಗನ್ನಡಿ ಹಿಡಿದು ತೋರಿಸಿದಳು. "ಇಲ್ಲಿ ನೋಡ್ರಿ. ವರ್ಷಕ್ಕ ಒಂದು ಗೆರಿ. ಒಳಗಿನ ಗೆರಿ ಎಲ್ಲ ಕೂದಲದಂಗ ಒತ್ತೊತ್ತಾಗಿ ಅದಾವ. ಒಂಬತ್ತು ವರ್ಷ ಗಿಡಕ್ಕ ಬೆಳಕಿಲ್ಲ. ಸಾಯಲೂ ಇಲ್ಲ, ಬೆಳೀಲೂ ಇಲ್ಲ. ಸುಮ್ನ ಕಾಯ್ತು. ಇಲ್ಲಿಂದ ನೋಡ್ರಿ, ಗೆರಿ ಹೆಂಗ ಅಗಲ ಆಗ್ಯಾವ. ಇಲ್ಲಿ ಬೆಳಕು ಬಿತ್ತು."

"ಸುಮ್ನ ಕಾದಿಲ್ರಿ ಅದು," ಗ್ಯಾನಮ್ಮ ಹೇಳಿದಳು. "ಬೇರು ಇಳಿಸಾಕತ್ತಿತ್ತು. ಮ್ಯಾಲೆ ಗೇಣು ಇದ್ರ ಕೆಳಗ ಆಳುದ್ದ ಇರ್ತದ. ನಮ್ಮಪ್ಪ ಅಗದು ತೋರ್ಸಿದ್ದ. ಮತ್ತ ಬೆಳಕು ಬಿದ್ದ ಕೂಡ್ಲೇ ಬೆಳೆದಿಲ್ಲ. ಮೊದಲ ಬ್ಯಾಸಗಿಗೆ ಇದ್ದ ಎಲಿ ಎಲ್ಲ ಸುಟ್ಟು ಹ್ವಾದ್ವು. ನೆಳ್ಳಿನ ಎಲಿ ಬಿಸಲು ತಡೀಲಿಲ್ಲ. ಹೊಸ ಎಲಿ ಬಂದ ಮ್ಯಾಲೆನ ಎದ್ದಿದ್ದು. ಅಂಚಿನ ಗಿಡ ಸುಡಲಿಲ್ಲ, ಆದ್ರ ಬೆಳಕಿನ ಕಡೆ ಬಾಗ್ಯಾವ ನೋಡ್ರಿ."

ಐಶ್ವರ್ಯ ಬೇಗ ಬೇಗ ಬರೆದುಕೊಂಡಳು. "ಇಷ್ಟೆಲ್ಲ ನಿಮಗ ಹೆಂಗ ಗೊತ್ತು?"

"ಕೋರ್ಟಿನ ತಾರೀಕಾದ ಮರುದಿನ ಬಂದು ನೋಡ್ತಿದ್ನಿರಿ."

"ಯಾವ ಕೋರ್ಟು?"

"ಇಲ್ಲಿ ಜಾಲಿ ಕಡ್ದಾಕಿ ನಾನ್ರಿ."

ಪೆನ್ನು ನಿಂತಿತು. "ಇಲಾಖೆಯವರು ತಾವು ಅಂದ್ರಲ್ಲ?"

"ಅವರು ಕಡ್ದಿದ್ರ ನನ್ನ ಮ್ಯಾಲೆ ಕೇಸ್ ಯಾಕ್ರಿ?"

ಹುಡುಗಿ ಬರೆದದ್ದನ್ನು ಮತ್ತೆ ಓದಿಕೊಂಡಳು. ಕೆಟ್ಟವಳಲ್ಲ. ಹೋಗುವಾಗ ಹೇಳಿದಳು: "ಗ್ಯಾನಮ್ಮ, ನಾ ನಿಮ್ಮನ್ನ ನಂಬ್ತೀನ್ರಿ. ಆದ್ರ ಬರಿಯಾಕ ಪುರಾವೆ ಬೇಕು. ನನ್ನ ಹತ್ರ ಇರೋದು ಇಲಾಖೆ ಕೊಟ್ಟ ಪತ್ರ. ನೀವು ಹೇಳಿದ್ದು ಬಾಯಿಮಾತು. ಪುಸ್ತಕದ ಕೊನಿಗೆ ಸ್ಥಳೀಯರಿಗೆ ಧನ್ಯವಾದ ಅಂತ ಹಾಕ್ತೀನಿ."

"ಸ್ಥಳೀಯರು ಅಂದ್ರ ಯಾರ್ರಿ?"

"ನೀವೇ."

"ಗೌಡ್ರೂ ಸ್ಥಳೀಯರ ಅಲ್ರಿ."

ಐಶ್ವರ್ಯ ಟೇಪು ಸುತ್ತಿ ಚೀಲಕ್ಕೆ ಹಾಕಿದಳು. "ಪುರಾವೆ ಅಂದ್ರ ಏನಿರಬೇಕ್ರಿ?" ಗ್ಯಾನಮ್ಮ ಮತ್ತೆ ಕೇಳಿದಳು.

"ಸರ್ಕಾರದ್ದೋ ಕೋರ್ಟಿಂದೋ ಕಾಗದ. ಸಹಿ, ಸಿಕ್ಕಾ ಇರಬೇಕು. ಅಂಥದ್ದೊಂದು ಇದ್ರ ನಾಳೆನ ತಿದ್ದಿ ಬರೀತೀನಿ."

ತಿಂಗಳು ಕಳೆದ ಮೇಲೆ ತಗ್ಗಿನಲ್ಲಿ ಕಬ್ಬಿಣದ ಬೋರ್ಡು ಎದ್ದಿತು. ಗ್ಯಾನಮ್ಮನಿಗೆ ಸಹಿ ಮತ್ತು ಅಂಕಿ ಮಾತ್ರ ಬರುತ್ತಿದ್ದವು. ನಲವತ್ಮೂರು ಕಾಣಿಸಿತು. ಪಕ್ಕದಲ್ಲಿ ತಾರೀಕು. ಕೋರ್ಟಿನಲ್ಲಿ ಹದಿನಾಲ್ಕು ಸಲ ಕೇಳಿದ ತಾರೀಕು. ಉಳಿದದ್ದನ್ನು ಬೀರಲಿಂಗ ಓದಿ ಹೇಳಿದ: ಬೆಳಕು ತೆರವು ಪ್ರಯೋಗ ತಾಕು, ಅರ್ಧ ಎಕರೆ, ನಲವತ್ಮೂರು ಜಾಲಿ ವೈಜ್ಞಾನಿಕವಾಗಿ ತೆರವು, ಮಾರ್ಗದರ್ಶನ ಶ್ರೀ ಸಿದ್ದಲಿಂಗೇಶ.

"ಅಂಕಿ ಎಲ್ಲಿಂದ ತಗಂಡಾರ?"

"ನಿನ್ನ ಮಹಜರಿಂದ. ಬ್ಯಾರೆ ಎಲ್ಲಿ ಐತಿ?" ಬೀರಲಿಂಗ ದನಿ ಇಳಿಸಿದ. "ಬೆಂಗಳೂರಿಂದ ದೊಡ್ಡ ಸಾಹೇಬ್ರು ನೋಡಾಕ ಬರ್ತಾರಂತ. ನಮ್ಮ ಸಾಹೇಬ್ರಿಗೆ ಪದಕ ಕೊಡ್ತಾರಂತ."

ಅದಾಗಿ ನಾಲ್ಕು ದಿನಕ್ಕೆ ಸಿದ್ದಲಿಂಗೇಶನ ಬೈಕು ಕೇರಿಗೆ ಬಂತು. ಆ ಕೇರಿಗೆ ಅವನು ಬಂದದ್ದು ಅದೇ ಮೊದಲು. ಗ್ಯಾನಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅವಳು ನೀರು ಕೊಡುತ್ತೇನೆ ಅನ್ನಲಿಲ್ಲ. ಆದರೂ ಅವನು, "ನೀರು ಬ್ಯಾಡ್ರಿ ಗ್ಯಾನಮ್ಮ, ಈಗ ಕುಡ್ದೀನಿ," ಅಂದ.

ಏಕವಚನ ಹೋಗಿ ರೀ ಬಂದಿತ್ತು. ಏನೋ ಬೇಕಾಗಿದೆ ಎಂದು ಅವಳಿಗೆ ಗೊತ್ತಾಯಿತು.

ಅವನು ಒಂದು ಕಾಗದ ತೆಗೆದ. ಆ ತಾರೀಕಿನಂದು ಇಲಾಖೆಯ ಕೂಲಿಯಾಳಾಗಿ, ಫಾರೆಸ್ಟರ್ ಹೇಳಿದ ಪ್ರಕಾರ ಜಾಲಿ ಕಡಿದಿದ್ದೇನೆ ಎಂದು ಅದರಲ್ಲಿತ್ತು. ಕೆಳಗೆ ಅವಳ ಸಹಿಗೆ ಜಾಗ.

"ಒಂದು ಸಹಿ ಹಾಕ್ರಿ. ಬೋರ್ಡಿನ ಮ್ಯಾಲೆ ನಿಮ್ಮ ಹೆಸರೂ ಬರಸ್ತೀನಿ, ಕೆಳಗ."

"ಕೇಸು?"

"ಅದು ಬ್ಯಾರೆ. ಮುಂದಿನ ತಾರೀಕಿಗೆ ಕಳವು ಮಾಡೀನಿ ಅಂತ ಒಪ್ಪಿಕೊಂಡುಬಿಡ್ರಿ. ಅದೂ ಮುಗೀತದ."

ಗ್ಯಾನಮ್ಮ ಮೊರವನ್ನು ಕೆಳಗಿಟ್ಟಳು. "ಒಂದ ದಿನಕ್ಕ ಎರಡು ಕಾಗದ ಆದ್ವಲ್ರಿ ಸಾಹೇಬ್ರ. ಅದರಾಗ ನಾ ಕಳ್ಳಿ. ಇದರಾಗ ನಿಮ್ಮ ಆಳು."

"ಅದು ಕೋರ್ಟಿನ ಕಾಗದ, ಇದು ಆಫೀಸಿನ ಕಾಗದ. ಅವೆರಡು ಎಲ್ಲಿ ಕೂಡ್ತಾವ?"

"ನನ್ನ ಮೈಯಾಗ ಕೂಡ್ತಾವ್ರಿ. ಆ ದಿನ ನಿಮ್ಮ ಅಂಗಳದಾಗ ಹೊರಿ ಹೊತ್ತು ಮೂರು ತಾಸು ನಿಂತಾಕಿ ನಾನು. ನಿಮ್ಮ ಆಳಾಗಿದ್ರ ಉಚ್ಚಿ ಹೊಯ್ಯಾಕ ಬಿಡ್ತಿದ್ರಿಲ್ಲ?"

ಸಿದ್ದಲಿಂಗೇಶ ಸುತ್ತ ನೋಡಿದ. ಪಕ್ಕದ ಮನೆಗಳ ಬಾಗಿಲಲ್ಲಿ ಹೆಂಗಸರು ನಿಂತಿದ್ದರು. "ಹಳೇದೆಲ್ಲ ಯಾಕ ತಗೀತಿ," ಅಂದ. ರೀ ಹೋಯಿತು.

"ನೀವ ತಗದೀರಿ. ಬೋರ್ಡ್ ಮಾಡಿ ನಿಲ್ಸೀರಿ."

ಅವಳು ಸಹಿ ಹಾಕಲಿಲ್ಲ. ಅವನು ಕಾಗದ ಮಡಚಿ ಕಿಸೆಗಿಟ್ಟುಕೊಂಡು ಹೋದ.

ಸಿದ್ದಲಿಂಗೇಶ ದಡ್ಡನಲ್ಲ. ಬೋರ್ಡು ಮತ್ತು ಕೇಸು ಎರಡೂ ಒಟ್ಟಿಗೆ ಬದುಕುವುದಿಲ್ಲ ಎಂದು ಅವನಿಗೆ ಈಗ ಅರ್ಥವಾಗಿತ್ತು. ದೊಡ್ಡ ಸಾಹೇಬರು ಬರುವ ಮೊದಲು ಒಂದನ್ನು ಮುಗಿಸಬೇಕಿತ್ತು. ಬೋರ್ಡಿಗೆ ಬಣ್ಣ ಹೊಸದು. ಅವನು ಕೇಸನ್ನು ಮುಗಿಸಲು ನಿರ್ಧರಿಸಿದ.

ಹದಿನೈದನೇ ತಾರೀಕಿಗೆ ಕೋರ್ಟಿನಲ್ಲಿ ಎಲ್ಲರೂ ಇದ್ದರು, ಕರೆಂಟೂ ಇತ್ತು. ಮೇಲೆ ಹೊಸ ನ್ಯಾಯಾಧೀಶೆ ಕೂತಿದ್ದರು, ಸಣ್ಣ ವಯಸ್ಸು, ದಪ್ಪ ಕನ್ನಡಕ. ಸಿದ್ದಲಿಂಗೇಶ ಸಾಕ್ಷಿಯ ಕಟಕಟೆ ಹತ್ತಿದ. ಆ ದಿನ ಜಾಲಿ ತೆರವು ಮಾಡಿದ್ದು ಇಲಾಖೆಯೇ, ಈ ಹೆಂಗಸು ಬಿದ್ದ ಚೂರು ಆರಿಸಿಕೊಳ್ಳಲು ಬಂದಿದ್ದಳು, ತಪ್ಪು ತಿಳಿವಳಿಕೆಯಿಂದ ಕೇಸಾಯಿತು, ಇವಳು ಒಂದು ಗಿಡವನ್ನೂ ಕಡಿದಿಲ್ಲ, ನಿರಪರಾಧಿ, ಅಂದ. ಬಹಳ ಮರ್ಯಾದೆಯಿಂದ ಅಂದ. ನಿರಪರಾಧಿ ಅನ್ನುವಾಗ ಅವಳ ಕಡೆ ತಿರುಗಿ ಸ್ವಲ್ಪ ತಲೆ ಬಾಗಿಸಿದ.

ಶಿವಕಾಂತನ ಮುಖ ಅರಳಿತು. ಗ್ಯಾನಮ್ಮನ ಕಿವಿಯ ಹತ್ತಿರ ಬಾಗಿ, "ಮುಗೀತವ್ವ. ಬಿಡುಗಡೆ. ಕೈ ಮುಗಿದುಬಿಡು," ಅಂದ.

ಗ್ಯಾನಮ್ಮ ಕೈ ಮುಗಿಯಲಿಲ್ಲ. ಹನ್ನೊಂದು ದಿನ ಅವಳ ಎರಡೂ ಕೈ ಕೊಡಲಿಯ ಕಾವು ಹಿಡಿದಿದ್ದವು. ಆ ಗಟ್ಟಿ ಅಂಗೈಯಲ್ಲೂ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದಿದ್ದವು. ಮೂರೂವರೆ ವರ್ಷ ಆ ಕೈಗಳನ್ನು ಕಳ್ಳಿಯ ಕೈ ಅಂದರು. ಈಗ ಅವು ಏನೂ ಮಾಡಿಲ್ಲ ಅನ್ನುತ್ತಿದ್ದಾರೆ. ಅವಳಿಗೆ ಮೊದಲನೆಯದಕ್ಕಿಂತ ಇದು ಹೆಚ್ಚು ಉರಿಯಿತು.

"ನಾ ಒಂದು ಮಾತು ಹೇಳಬೇಕ್ರಿ," ಅಂದಳು.

"ಹೇಳಿ."

"ಅವರು ಸುಳ್ಳು ಹೇಳಾಕತ್ತಾರ. ನಾನ ಕಡ್ದೀನಿ."

ಶಿವಕಾಂತ ಅವಳ ಸೆರಗು ಜಗ್ಗಿದ. ಅವಳು ಬಿಡಿಸಿಕೊಂಡಳು.

ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡರು. "ಅಮ್ಮಾ, ದೂರು ಕೊಟ್ಟವರೇ ನೀವು ಕಡಿದಿಲ್ಲ ಅನ್ನುತ್ತಿದ್ದಾರೆ. ನಾನು ಈಗಲೇ ಬಿಡುಗಡೆ ಮಾಡಬಹುದು. ಕಡಿದಿದ್ದೇನೆ ಅಂದರೆ ಶಿಕ್ಷೆ ಆಗುತ್ತದೆ. ಗೊತ್ತಲ್ಲ?"

"ಗೊತ್ತದ್ರಿ. ಶಿಕ್ಷೆ ಕೊಡ್ರಿ. ಆದ್ರ ಪೂರಾ ಬರೀರಿ. ನಲವತ್ಮೂರು ಜಾಲಿ ಅಂತ ಬರೀರಿ. ನಾನೊಬ್ಬಾಕಿನ ಕಡ್ದೀನಿ ಅಂತ ಬರೀರಿ. ನನಗ ಯಾವ ಸಾಹೇಬ್ರೂ ಕಳಿಸಿರಲಿಲ್ಲ ಅಂತ ಬರೀರಿ. ಹನ್ನೊಂದು ದಿನ ಕಡ್ದೀನಿ, ಇವರು ಒಂದ ದಿನ ಅಂತ ಬರದಾರ. ಅದನ್ನೂ ತಿದ್ದಿ ಬರೀರಿ."

"ಯಾಕೆ ಇದೆಲ್ಲ?"

"ಅಲ್ಲೀಗ ಗಿಡ ಬೆಳ್ದಾವ್ರಿ. ಜಾಲಿ ಇತ್ತಂತ ಬೆಳಕು ಬೀಳ್ತಿರಲಿಲ್ಲ. ಕಡ್ದ ಮ್ಯಾಲೆ ಬಿತ್ತು. ಗಿಡ ಬೆಳೀಲಿ ಅಂತ ನಾ ಕಡ್ದಿಲ್ಲ. ಒಲಿಗೆ, ಹೊಟ್ಟಿಗೆ ಕಡ್ದೀನಿ. ಆದ್ರ ಕಡ್ದಾಕಿ ನಾನು. ಈಗ ಅಲ್ಲಿ ಬೋರ್ಡ್ ಹಾಕಿ ಇವರು ಕಡ್ದಾರಂತ ಬರದಾರ. ತಪ್ಪಿದ್ದಾಗ ನಂದು, ಚಲೋ ಆದಾಗ ಅವರ್ದು. ಹಂಗ ಆಗಂಗಿಲ್ರಿ. ತಪ್ಪಿದ್ರ ತಪ್ಪು ಅನ್ರಿ. ನಂದು ಅನ್ರಿ."

ನ್ಯಾಯಾಧೀಶೆ ಫೈಲು ತಿರುವಿದರು. ಮಹಜರು ಓದಿದರು. ಫೋಟೋ ಸಿಕ್ಕಿತು. ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಿದ್ದಲಿಂಗೇಶನ ಕಡೆ ತಿರುಗಿದರು.

"ಈ ಮಹಜರಿನ ಮೇಲಿನ ಸಹಿ ನಿಮ್ಮದೇ?"

"ಹೌದು ಮೇಡಂ."

"ಇದರಲ್ಲಿ ಇವರು ಕಡಿದದ್ದನ್ನು ಕಣ್ಣಾರೆ ಕಂಡೆ ಎಂದು ಬರೆದಿದ್ದೀರಿ."

"ಅದು ಆಗ, ಮೇಡಂ."

"ಗಿಡಗಳು ಆಮೇಲೆ ಬೆಳೆದವು, ಅಲ್ಲವೇ?"

ಎರಡು ಹೇಳಿಕೆಗಳಲ್ಲಿ ಯಾವುದು ನಿಜ ಎಂದು ಈ ದಿನವೇ ಬರೆದುಕೊಡಬೇಕು, ಕೊಡುವವರೆಗೆ ಹೊರಗೆ ಹೋಗಬಾರದು ಎಂದು ಅವನಿಗೆ ಹೇಳಿದರು. ಬಳಿಕ ತೀರ್ಪು ಬರೆಯಿಸಿದರು. ನಿಧಾನ ಬರೆಯಿಸಿದರು. ಆರೋಪಿಯು ನಲವತ್ಮೂರು ಜಾಲಿ ಗಿಡಗಳನ್ನು ಹನ್ನೊಂದು ದಿನಗಳಲ್ಲಿ ಒಬ್ಬಳೇ, ಯಾರ ಆದೇಶವೂ ಇಲ್ಲದೆ, ಜೀವನೋಪಾಯಕ್ಕಾಗಿ ಕಡಿದಿರುವುದು ಅವಳ ಹೇಳಿಕೆಯಿಂದಲೂ ಮಹಜರಿನಿಂದಲೂ ಸಾಬೀತಾಗಿದೆ. ಗ್ಯಾನಮ್ಮ ಒಂದೊಂದು ಮಾತಿಗೂ ತಲೆ ಹಾಕುತ್ತಿದ್ದಳು, ಲೆಕ್ಕ ಒಪ್ಪಿಸಿಕೊಳ್ಳುವವಳ ಹಾಗೆ.

ಶಿಕ್ಷೆ: ಆ ದಿನ ಕೋರ್ಟು ಏಳುವವರೆಗೆ ಕೋರ್ಟಿನೊಳಗೇ ಕೂತಿರಬೇಕು.

"ಅಷ್ಟನ?" ಗ್ಯಾನಮ್ಮ ವಕೀಲನನ್ನು ಕೇಳಿದಳು.

"ಅಷ್ಟ. ಆ ಬೆಂಚಿನ ಮ್ಯಾಲೆ ಕೂಡು. ಅಲ್ಲಾಡಬ್ಯಾಡ." ಶಿವಕಾಂತನಿಗೆ ಸಿಟ್ಟೂ ನಗುವೂ ಒಟ್ಟಿಗೆ ಬಂದಿತ್ತು. "ನನ್ನ ಇಪ್ಪತ್ತು ವರ್ಷದ ವಕೀಲಿಯಾಗ, ಗೆದ್ದ ಕೇಸನ್ನ ಸೋತು ಕೊಟ್ಟಾಕಿ ನೀನೊಬ್ಬಾಕಿನ."

"ವಕೀಲ್ರ, ಈಗ ಬರಸಿದ್ರಲ್ಲ, ಅದರ ಕಾಪಿ ಬೇಕ್ರಿ. ಸಹಿ, ಸಿಕ್ಕಾ ಹಾಕಿದ್ದು. ಒಂದಲ್ಲ, ಎರಡು."

"ಶಿಕ್ಷೆ ಆದ ಕಾಗದ ಯಾರಾರ ಇಟ್ಕೊಂತಾರೇನವ್ವ?"

"ಒಂದು ಸಿಂಧನೂರಿನ ಆ ಅಕ್ಕಾರಿಗೆ ಕೊಡಬೇಕು. ಪುರಾವೆ ಕೇಳ್ಯಾರ. ಇನ್ನೊಂದು ದೊಡ್ಡ ಸಾಹೇಬ್ರು ಬಂದಾಗ ಬೋರ್ಡಿನ ಮುಂದ ಓದಾಕ. ಓದೋದು ನೀವ ಬಂದು ಓದ್ಬೇಕು."

ಶಿವಕಾಂತ ಅವಳನ್ನು ದಿಟ್ಟಿಸಿದ. ಆಮೇಲೆ ಅರ್ಜಿ ಬರೆಯಲು ಕೂತ.

ಗ್ಯಾನಮ್ಮ ಬೆಂಚಿನ ಮೇಲೆ ಕೂತಳು. ಮೂರೂವರೆ ವರ್ಷದಲ್ಲಿ ಆ ಬೆಂಚಿನ ಮೇಲೆ ಅವಳು ಕೂತಿರಲಿಲ್ಲ. ಯಾರೂ ಕೂಡಬೇಡ ಅಂದಿರಲಿಲ್ಲ, ಕೂಡು ಎಂದೂ ಅಂದಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿದಳು. ಕಾಲು ಚಾಚಿದಳು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಸಿದ್ದಲಿಂಗೇಶ ಬಿಳಿ ಹಾಳೆ ಇಟ್ಟುಕೊಂಡು ಕೂತಿದ್ದ. ನಾಲ್ಕು ಸಾಲು ಬರೆದು ಹೊಡೆದುಹಾಕುತ್ತಿದ್ದ. ಮಧ್ಯಾಹ್ನ ದಾಟಿತು. ಬೇರೆಯವರ ಕೇಸುಗಳು ಬಂದವು, ಹೋದವು.

"ಏನ್ ಸಿಕ್ಕಿತವ್ವ ನಿನಗ?" ಅವನು ತಲೆಯೆತ್ತದೆ ಕೇಳಿದ. "ನಿನಗೂ ಶಿಕ್ಷೆ, ನನಗೂ ತ್ರಾಸು."

"ನಿಮ್ಮದು ಬರದು ಮುಗಸ್ರಿ ಸಾಹೇಬ್ರ," ಗ್ಯಾನಮ್ಮ ಹೇಳಿದಳು. "ನಂದು ಬರದಾಗ್ಯದ."

ಐದೂವರೆಗೆ ನ್ಯಾಯಾಧೀಶೆ ಕೊನೆಯ ಫೈಲು ಮುಚ್ಚಿ ಎದ್ದರು. ಜವಾನ ಕೂಗಿದ. ವಕೀಲರು ಎದ್ದು ನಿಂತರು. ಪೊಲೀಸರು ನಿಂತರು. ಸಿದ್ದಲಿಂಗೇಶ ಹಾಳೆ ಬೀಳಿಸಿಕೊಂಡು ಎದ್ದು ನಿಂತ. ಗ್ಯಾನಮ್ಮ ಏಳಲಿಲ್ಲ. ಜವಾನ ಅವಳ ಕಡೆ ಕಣ್ಣು ಬಿಟ್ಟ. ಶಿವಕಾಂತ ಕೈಸನ್ನೆ ಮಾಡಿದ. ಕೋರ್ಟು ಏಳುವವರೆಗೆ ಕೂತಿರಬೇಕು ಎಂದು ಹೇಳಿದ್ದರು, ಅದು ಇನ್ನೂ ಏಳುತ್ತಿತ್ತು. ಬಾಗಿಲ ಹತ್ತಿರ ನ್ಯಾಯಾಧೀಶೆ ಒಮ್ಮೆ ತಿರುಗಿ ನೋಡಿದರು, ಒಳಗೆ ಹೋದರು. ಎಲ್ಲರೂ ನಿಂತೇ ಇದ್ದರು. ಅವರ ನಡುವೆ ಗ್ಯಾನಮ್ಮ ಕೂತಿದ್ದಳು.